‘ಫ್ರೀಯಾಗಿ ಕೊಟ್ರೆ ನಿಂಗೆಂತ ಸಿಗ್ತದೆ?’

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹದ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ನಾನು ಮಳೆ ಲೆಕ್ಕ ಇಡುವ ಒಂದು ಸಣ್ಣ ಆಪ್ ಬರೆದಿದ್ದೇನೆ. ಕೊಡಗಿನ ತೋಟದವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನೋಡಿದ ಆಪ್‌ಗಳೆಲ್ಲ ಮಿಲಿಮೀಟರ್ ತೋರಿಸುತ್ತಿದ್ದವು, ಅಪ್ಪನಿಗೆ ಅದು ತಲೆಗೆ ಹತ್ತದು. ಹಾಗಾಗಿ ನಾನೇ ಬರೆದೆ. ಜಿಪಿಎಲ್ ಅನ್ನುವ ಲೈಸೆನ್ಸ್ ಹಾಕಿ, ಕೋಡ್ ಇಟ್ಟು ಹಂಚುವ ಗಿಟ್‌ಹಬ್ ಅನ್ನುವ ವೆಬ್‌ಸೈಟಿನಲ್ಲಿಟ್ಟೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಬದಲಾಯಿಸಬಹುದು. ಬದಲಾಯಿಸಿ ಹಂಚುವುದಾದರೆ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು, ಅಷ್ಟೇ.

ಹೋದ ವರ್ಷ ಗೋಣಿಕೊಪ್ಪದಲ್ಲಿ ಒಂದು ಮದುವೆ. ಕಡಂಬುಟ್ಟು, ಪಂದಿ ಕರಿ ಬಡಿಸಿ ಆಗಿತ್ತು. ಪಕ್ಕದಲ್ಲಿ ಕೂತಿದ್ದ ಸೋದರಮಾವ ನಾಲ್ಕು ಜನಕ್ಕೆ ಕೇಳುವ ಹಾಗೆ ಶುರು ಮಾಡಿದರು. “ಇವ ಸಾಫ್ಟ್‌ವೇರ್ ಬರೆದು ಸುಮ್ನೆ ಹಂಚ್ತಾನೆ ಮಾರಾಯ. ಅಲ್ಲ, ನಿಂಗೆಂತ ಸಿಗ್ತದೆ?” ಎದುರಿಗಿದ್ದವರು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಮಾವನ ಜೇಬಿನಲ್ಲಿದ್ದದ್ದು ಆಂಡ್ರಾಯ್ಡ್ ಫೋನು. ಅದರ ಬುಡದಲ್ಲಿರುವುದು ಲಿನಕ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಕಾಲೇಜು ಹುಡುಗನಾಗಿದ್ದಾಗ ಹವ್ಯಾಸಕ್ಕೆ ಅಂತ ಶುರು ಮಾಡಿದ್ದು. ಆ ಹುಡುಗನಿಗೆ ಎಂತ ಸಿಕ್ತು ಅಂತ ಮಾವ ಒಂದು ದಿನವೂ ಕೇಳಿದವರಲ್ಲ.

ನನಗೆ ಏನು ಸಿಕ್ಕಿತು? ಸಕಲೇಶಪುರದ ಕಡೆಯವರೊಬ್ಬರು ಕಾಫಿ ಹೂ ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯ ಲೆಕ್ಕ ಬೇರೆಯಾಗಿ ತೋರಿಸುವಂತೆ ಮಾಡಿ ಕಳಿಸಿದರು. ಅವರ ಮುಖ ಕೂಡ ನಾನು ನೋಡಿಲ್ಲ. ನಾನು ಕೂತಿದ್ದರೆ ಅದಕ್ಕೊಂದು ತಿಂಗಳು ಬೇಕಿತ್ತು.

ಆ ‘ಫ್ರೀ’ ಅನ್ನುವ ಮಾತೇ ನನಗೆ ಜಾಸ್ತಿ ಉರಿಯುವುದು. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಎರಡು ಅರ್ಥ, ಅದನ್ನು ಬಿಡಿಸಿ ಹೇಳುವುದರಲ್ಲೇ ಮುಕ್ತ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್‌ಗೆ ಎಷ್ಟೋ ವರ್ಷ ಹೋಯಿತು. ನಮಗೆ ಬಿಟ್ಟಿ ಬೇರೆ, ಮುಕ್ತ ಬೇರೆ. ಆದರೂ ಕೇಳುವಾಗ ಫ್ರೀ!

ಹೋಗಲಿ. “ಎಲ್ಲಿ ಇಟ್ಟಿದ್ದೀಯ? ಆ ಜಾಗ ಯಾರದ್ದು?” ಅಂತ ಯಾಕೆ ಯಾರೂ ಕೇಳುವುದಿಲ್ಲ? ಇದನ್ನು ಕೇಳಿದರೆ ನನಗೆ ನಿಜವಾಗಿಯೂ ಮುಜುಗರ. ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು. ಮುಕ್ತ ಸಾಫ್ಟ್‌ವೇರ್ ಬಹಳಷ್ಟು ಅಲ್ಲಿದೆ, ಗಿಟ್‌ಹಬ್‌ನ ಸ್ವಂತ ಕೋಡು ಮಾತ್ರ ಮುಕ್ತವಲ್ಲ. ಗೂಗಲ್ ಕೋಡ್ ಅಂತ ಇನ್ನೊಂದಿತ್ತು, 2016ರಲ್ಲಿ ಬಾಗಿಲು ಹಾಕಿತು. ಸೋರ್ಸ್‌ಫೋರ್ಜ್ ಅನ್ನುವ ಅಂಥದ್ದೇ ತಾಣ 2015ರಲ್ಲಿ ಚಿತ್ರ ತಿದ್ದುವ ಮುಕ್ತ ಸಾಫ್ಟ್‌ವೇರ್ ಜಿಂಪ್‌ನ ವಿಂಡೋಸ್ ಇನ್‌ಸ್ಟಾಲರ್ ಒಳಗೆ ಜಾಹೀರಾತಿನ ಸರಕು ತುರುಕಿ ಎಲ್ಲರಿಂದ ಉಗಿಸಿಕೊಂಡಿತು.

ಮಾವನಿಗೆ ಇದು ನನಗಿಂತ ಚೆನ್ನಾಗಿ ಅರ್ಥ ಆಗಬೇಕು. 90ರ ದಶಕದಲ್ಲಿ ಕಾಫಿ ಮಾರಾಟ ಮುಕ್ತ ಆಗುವವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಕೊಡಲೇಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಅದಾದರೂ ಕಾನೂನು. ಕೋಡ್ ಬರೆಯುವ ನಾವೋ, ಯಾರೂ ಹೇಳದೆ ಖುಷಿಯಿಂದ ಸಾಲಾಗಿ ಹೋಗಿ ಒಂದೇ ಕಣದಲ್ಲಿ ಸುರಿದು ಬಂದೆವು.

ಸಮಾಧಾನಕ್ಕೆ ಗಿಟ್ ಇದೆ, ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್. ಅದು ಗಿಟ್‌ಹಬ್‌ಗಿಂತ ಹಳೆಯದು, ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಕ್ಲೋನ್, ಅಂದರೆ ನಕಲು, ಮಾಡಿಕೊಂಡವರ ಹತ್ತಿರ ಕೋಡಿನ ಪೂರ್ತಿ ಚರಿತ್ರೆ ಇರುತ್ತದೆ. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅಂದರೂ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕಮಿಟ್ ಮಾಡುತ್ತೇನೆ, ಅಂದರೆ ಬದಲಾವಣೆಯನ್ನು ಅಲ್ಲೇ ದಾಖಲಿಸುತ್ತೇನೆ. ಪುಶ್ ಮಾಡುವುದು, ಅಂದರೆ ನೆಟ್‌ಗೆ ಏರಿಸುವುದು, ಕುಶಾಲನಗರಕ್ಕೆ ಹೋದಾಗ. ಒಂದು ಪ್ರತಿ ಕೋಡ್‌ಬರ್ಗ್ ಅನ್ನುವ ಇನ್ನೊಂದು ತಾಣದಲ್ಲೂ ಇದೆ, ಅದನ್ನು ನಡೆಸುವುದು ಬರ್ಲಿನ್‌ನ ಲಾಭಕ್ಕಲ್ಲದ ಒಂದು ಸಂಘ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ. ಹಾಗಾದರೆ ಗಿಟ್‌ಹಬ್ ಪೂರ್ತಿ ಬಿಡಬಹುದಲ್ವಾ? ಬಿಡಬಹುದು. ಆದರೆ ಸಕಲೇಶಪುರದವರು ನನ್ನನ್ನು ಹುಡುಕಿಕೊಂಡು ಬಂದದ್ದು ಅಲ್ಲಿಗೇ.

ಕ್ಲೋನ್ ಜೊತೆ ಬಾರದೆ ಉಳಿಯುವುದು ಇಶ್ಯೂಗಳು, ಅಂದರೆ ಬಳಸುವವರ ದೂರು, ಚರ್ಚೆ. ಅವು ಗಿಟ್‌ಹಬ್‌ನಲ್ಲೇ.

ಈ ಜೂನ್‌ನಲ್ಲಿ ಮಾವನ ಫೋನ್ ಬಂತು. “ಎಂತ ಮಾಡಿಟ್ಟಿದ್ದೀಯ ನೀನು? 4 ಇಂಚು 5 ಸೆಂಟ್ ಹಾಕಿದ್ರೆ ನಾಲ್ಕೂವರೆ ಇಂಚು ತೋರಿಸ್ತದೆ!” ನೋಡಿದೆ. ನಿಜ, 4.05 ಆಗಬೇಕಿದ್ದದ್ದು 4.5 ಆಗಿತ್ತು. ಅವರು ಯಾವಾಗಿಂದ ಬಳಸುತ್ತಿದ್ದಾರೆ ಅಂತ ನಾನು ಕೇಳಲಿಲ್ಲ. “ಆಳುಗಳ ಹಾಜರಿ ಲೆಕ್ಕವೂ ಅದರಲ್ಲೇ ಸೇರಿಸು” ಅಂದು ಫೋನ್ ಇಟ್ಟರು.

ಎರಡನ್ನೂ ಇಶ್ಯೂ ಮಾಡಿ ಹಾಕಿದ್ದೇನೆ, ಗಿಟ್‌ಹಬ್‌ನಲ್ಲಿ. ಮೊದಲನೆಯದು ಸರಿಯಾಗಿದೆ.