ಜೂಬಾದ ಆ 11 ವರ್ಷ
ದಕ್ಷಿಣ ಸುಡಾನ್ ಅಂದರೆ 2011ರಲ್ಲಿ ಹುಟ್ಟಿದ ದೇಶ ಅಂತಷ್ಟೇ ನಮಗೆ ನೆನಪು, ಅಲ್ವಾ? ಅದಿನ್ನೂ ಸುಡಾನ್‌ನ ಭಾಗವಾಗಿದ್ದಾಗಲೇ, 1972ರಿಂದ 1983ರವರೆಗೆ ಅಲ್ಲಿ ಸ್ವಂತ ಆಡಳಿತವೊಂದು ನಡೆದಿತ್ತು. ಉತ್ತರ-ದಕ್ಷಿಣದ ನಡುವಿನ 17 ವರ್ಷದ ಅಂತರ್ಯುದ್ಧ ಅಡಿಸ್ ಅಬಾಬಾ ಒಪ್ಪಂದದಿಂದ ನಿಂತಿತ್ತು. ದಕ್ಷಿಣದ ರಾಜಧಾನಿ ಜೂಬಾದಲ್ಲಿ ಶಾಸನಸಭೆ, ಮಂತ್ರಿಗಳು, ಮುಖ್ಯಸ್ಥರಾಗಿ ಅಬೆಲ್ ಅಲಿಯರ್. ಕಾಡಲ್ಲಿದ್ದ ಬಂಡುಕೋರರು ಸಾವಿರಗಟ್ಟಲೆ ಸರ್ಕಾರಿ ಸೈನ್ಯ ಸೇರಿದರು.

ಆಮೇಲೆ ದಕ್ಷಿಣದ ಬೆಂಟಿಯು ಕಡೆ ತೈಲ ಸಿಕ್ಕಿತು. ಖಾರ್ಟೂಮ್‌ಗೆ, ಅಂದರೆ ಉತ್ತರದಲ್ಲಿದ್ದ ಸುಡಾನ್ ಸರ್ಕಾರಕ್ಕೆ, ಆಸೆ ಹುಟ್ಟಿತು. ಜೋಂಗ್ಲೇ ಕಾಲುವೆಯ ಕಥೆಯೂ ಹಾಗೇ. ನೈಲ್ ನೀರನ್ನು ಜೌಗಿಗೆ ಹೋಗಲು ಬಿಡದೆ ಉತ್ತರಕ್ಕೆ ಸಾಗಿಸುವ 360 ಕಿ.ಮೀ. ಯೋಜನೆ ಅದು. ಪಾಕಿಸ್ತಾನದಲ್ಲಿ ಕಾಲುವೆ ತೋಡಿದ್ದ ದೈತ್ಯ ಚಕ್ರದ ಯಂತ್ರವನ್ನೇ ಬಿಚ್ಚಿ ಅಲ್ಲಿಗೆ ತಂದರು. ದನ ಮೇಯಿಸುವವರ ದಾರಿಗೇ ಅಡ್ಡ ಬಿತ್ತು ಕಾಲುವೆ.

1983ರಲ್ಲಿ ಅಧ್ಯಕ್ಷ ನಿಮೇರಿ ದಕ್ಷಿಣವನ್ನು ಮೂರು ಹೋಳು ಮಾಡಿದ. ಒಪ್ಪಂದಕ್ಕೆ ಒಪ್ಪಿದ್ದವನೂ ಇವನೇ! ಸೆಪ್ಟೆಂಬರ್‌ನಲ್ಲಿ ಷರಿಯಾ ಕಾನೂನು. ಅಷ್ಟರಲ್ಲಾಗಲೇ ದಕ್ಷಿಣದ ಬೋರ್ ಊರಲ್ಲಿ ಸೈನಿಕರು ದಂಗೆ ಎದ್ದಿದ್ದರು. ಮತ್ತೆ 2005ರವರೆಗೆ ಯುದ್ಧ.

ಆದರೆ ಹೋಳು ಮಾಡಿ ಅಂತ ಕೇಳಿದವರಲ್ಲಿ ಜೋಸೆಫ್ ಲಾಗು ಕೂಡ ಇದ್ದರು. ಹಿಂದೆ ಬಂಡುಕೋರರ ನಾಯಕರಾಗಿದ್ದವರು! ಜೂಬಾದಲ್ಲಿ ದಕ್ಷಿಣದ ದೊಡ್ಡ ಬುಡಕಟ್ಟಾದ ಡಿಂಕಾ ಜನರದ್ದೇ ಜಾಸ್ತಿ ನಡೆಯುತ್ತಿದೆ ಅನ್ನೋದು ಅವರ ಕಡೆಯವರ ಸಿಟ್ಟು. ಇದು ಗೊತ್ತಾದ ಮೇಲೆ ಸುಮ್ನೆ ಖಾರ್ಟೂಮ್ ಒಂದನ್ನೇ ಬೈಯಲು ನನಗೆ ಮನಸ್ಸು ಬರುತ್ತಿಲ್ಲ.