ನನಗೆ ಇದೆ, ನನ್ನ ಹತ್ತಿರ ಇದೆ

ಈ ಕಾಲೇಜಿನಲ್ಲಿ ನಾನು ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಓದಿದೆ. ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ಕಣ್ಣಮುಂದೆ ಬಂದದ್ದು ವಾರ್ಷಿಕೋತ್ಸವವಲ್ಲ, ಪ್ರವಾಸವಲ್ಲ. ಷಷ್ಠಿ ವಿಭಕ್ತಿಯ ಪಾಠ! ಅದನ್ನು ನಮಗೆ ಕಲಿಸಿದ ಮೇಷ್ಟ್ರ ಋಣ ದೊಡ್ಡದು. ಅದಕ್ಕೇ ಬರೆಯುತ್ತಿದ್ದೇನೆ.

ವಿಭಕ್ತಿ ಪ್ರತ್ಯಯಗಳನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆವು. ಆರನೆಯದು 'ಅ'. ರಾಮನ, ಮರದ, ಊರಿನ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೂ ಅದಕ್ಕೆ 'ಅ' ಎಂದೇ ಹೇಳಿದ್ದಾನೆ. ಅರ್ಥ ಕೇಳಿದರೆ 'ಒಡೆತನ' ಎಂದು ಬರೆದರೆ ಮಾರ್ಕ್ಸು ಸಿಗುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ 'ಅಜ್ಜನ ಫೋಟೊ' ಎಂದು ಬರೆದು, "ಇದರಲ್ಲಿ ಒಡೆಯ ಯಾರು, ಹೇಳ್ರಪ್ಪಾ" ಎಂದರು. ಅಜ್ಜ ತೆಗೆದ ಫೋಟೊ ಇರಬಹುದು. ಅಜ್ಜ ಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದಿರಬಹುದು. ಅಜ್ಜನೇ ಅದರಲ್ಲಿ ಕೂತಿರಬಹುದು. ಮೂರಕ್ಕೂ ನಮ್ಮಲ್ಲಿ ಒಂದೇ 'ಅ'. ಸಂಸ್ಕೃತಕ್ಕೆ ವ್ಯಾಕರಣ ಬರೆದ ಪಾಣಿನಿ ಕೂಡ ಷಷ್ಠಿಗೆ ಒಡೆತನ ಎಂದು ಬೇಲಿ ಹಾಕಲಿಲ್ಲ, 'ಷಷ್ಠೀ ಶೇಷೇ' ಎಂದ. ಬೇರೆ ವಿಭಕ್ತಿಗಳು ಹೇಳದೆ ಬಿಟ್ಟ ಸಂಬಂಧಗಳೆಲ್ಲ ಇದರ ಪಾಲು. ಈ ಮಾತು ನನಗೆ ಬಹಳ ಹಿಡಿಸಿತು.

ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ದೊಡ್ಡದು. ಇಂಗ್ಲಿಷಿನ 'ಹ್ಯಾವ್' ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನಿದೆ? ಆಡುಮಾತಿನಲ್ಲಿ ಏನೂ ಇಲ್ಲ. ನಾವು 'ಇದೆ' ಎನ್ನುತ್ತೇವೆ, ಅಷ್ಟೆ. ನಮ್ಮ ತರಗತಿಯಲ್ಲಿ ಮನೆಮಾತು ಬೇರೆಬೇರೆ ಇದ್ದವರು ಜಾಸ್ತಿ. 'ನನಗೆ ಇಬ್ಬರು ಅಣ್ಣಂದಿರು' ಎಂಬುದನ್ನು ಅವರವರ ಮನೆಯಲ್ಲಿ ಆಡುವ ಹಾಗೇ ಹೇಳಬೇಕು ಎಂದರು. ತುಳುವಿನ ಹುಡುಗಿ 'ಎಂಕ್' ಎಂದು ಶುರು ಮಾಡಿದಳು. ಕೊಂಕಣಿಯವನು 'ಮ್ಹಾಕಾ' ಎಂದ. ಎರಡೂ 'ನನಗೆ'. ಉರ್ದು ಮನೆಮಾತಿನ ಗೆಳೆಯ 'ಮೇರೆಕು ದೋ ಭಾಯಿ ಹೈ' ಎಂದ. ಮೇಷ್ಟ್ರ ಮುಖ ಅರಳಿತು. ಪುಸ್ತಕದ ಉರ್ದುವಿನಲ್ಲಿ ಇದು 'ಮೇರೇ ದೋ ಭಾಯಿ ಹೈಂ' ಆಗುತ್ತದೆ. ಅಲ್ಲಿರುವುದು 'ನನ್ನ', 'ನನಗೆ' ಅಲ್ಲ. ನಮ್ಮ ಕಡೆ ಆಡುವ ದಕ್ಖನಿ ಉರ್ದು ನೂರಾರು ವರ್ಷ ಕನ್ನಡ, ತೆಲುಗಿನ ಜೊತೆ ಬಾಳಿ 'ನನಗೆ' ದಾರಿಯನ್ನು ಹಿಡಿದಿದೆ. ಆ ಗೆಳೆಯನ ಮಾತನ್ನು ತಪ್ಪು ಉರ್ದು ಎಂದು ಹಂಗಿಸುವವರಿದ್ದರು. ಆವತ್ತು ಅದಕ್ಕೊಂದು ಚರಿತ್ರೆ ಇದೆ ಎಂದು ನಮಗೆಲ್ಲ ಗೊತ್ತಾಯಿತು. ಒಂದು ಪಾಠ ಇದಕ್ಕಿಂತ ಹೆಚ್ಚು ಏನು ಮಾಡಬೇಕು, ಹೇಳಿ.

'ಹ್ಯಾವ್' ಇಲ್ಲದಿರುವುದು ಕೊರತೆ ಎಂದು ನಮ್ಮಲ್ಲಿ ಕೆಲವರು ಅಂದುಕೊಂಡಿದ್ದರು. ಮುಂದೆ ಎಂ.ಎ. ಓದುವಾಗ ಡಚ್ ಭಾಷಾವಿಜ್ಞಾನಿ ಲಿಯೋನ್ ಸ್ಟಾಸೆನ್ ಮಾಡಿದ ಹೋಲಿಕೆಯನ್ನು ನೋಡಿದೆ. ಅವರು ತೆಗೆದುಕೊಂಡ 240 ಭಾಷೆಗಳಲ್ಲಿ 'ಹ್ಯಾವ್' ಥರದ ಕ್ರಿಯಾಪದವನ್ನು ಬಳಸುವವು 63 ಮಾತ್ರ. ಉಳಿದವು ಬೇರೆಬೇರೆ ದಾರಿ ಹಿಡಿದಿವೆ. ಸ್ವಾಹಿಲಿಯಲ್ಲಿ 'ನಿನ ಕಿತಾಬು' ಎಂದರೆ 'ನಾನು ಪುಸ್ತಕದೊಂದಿಗೆ' ಎಂದ ಹಾಗೆ. ರಷ್ಯನ್ನರು 'ಉ ಮೆನ್ಯಾ' ಎನ್ನುತ್ತಾರೆ, ಅಂದರೆ 'ನನ್ನ ಹತ್ತಿರ'. ತಮ್ಮನಿದ್ದರೂ ದುಡ್ಡಿದ್ದರೂ ಅವರಿಗೆ ಅದೇ ಮಾತು.

ಕನ್ನಡ ಇಲ್ಲಿ ಸೂಕ್ಷ್ಮ. 'ನನ್ನ ಹತ್ತಿರ ನೂರು ರೂಪಾಯಿ ಇದೆ' ಸರಿ. 'ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ' ಎಂದರೆ ಮಕ್ಕಳು ಸದ್ಯ ನನ್ನ ಜೊತೆ ಇದ್ದಾರೆ ಎಂದಾಗುತ್ತದೆ. ಮಕ್ಕಳು 'ನನಗೆ' ಇರಬೇಕು. ಜ್ವರವೂ 'ನನಗೆ', ಸಾಲವೂ 'ನನಗೆ'. ಮರಕ್ಕೆ ಕೊಂಬೆ, ಮನೆಗೆ ಬಾಗಿಲು. ಜಮೀನಿನ ವಿಷಯವನ್ನು ನೋಡಿ. 'ಅವರಿಗೆ ನಾಲ್ಕು ಎಕರೆ ತೋಟ ಇದೆ', 'ಅವರಿಗೆ ಸ್ವಂತ ಮನೆ ಇದೆ' ಎನ್ನುತ್ತೇವೆ. ಕೈಗೆ ಬಂದು ಕೈಬಿಟ್ಟು ಹೋಗುವ ಪೆನ್ನು, ಚಿಲ್ಲರೆಗಳಿಗೆ 'ಹತ್ತಿರ'. ಮನುಷ್ಯನಿಗೆ ಅಂಟಿಕೊಂಡದ್ದಕ್ಕೆ 'ಗೆ'. ಈ ಗೆರೆ ಎಲ್ಲ ಕಡೆ ನೇರವಾಗಿಲ್ಲ ನಿಜ. ಆದರೂ ಯಾರೂ ಕಲಿಸದೆ ನಾಲ್ಕು ವರ್ಷದ ಮಗು ಇದನ್ನು ಸರಿಯಾಗಿ ಆಡುತ್ತದೆ.

ಇಂಥದೇ ಗೆರೆಯನ್ನು ಶಾಂತಸಾಗರದ ದ್ವೀಪದವರು ಇನ್ನೂ ಸ್ಪಷ್ಟವಾಗಿ ಎಳೆದಿದ್ದಾರೆ. ಹವಾಯಿ ನುಡಿಯಲ್ಲಿ 'ನನ್ನ' ಎನ್ನಲು 'ಕಉ' ಮತ್ತು 'ಕೊಉ' ಎಂಬ ಎರಡು ರೂಪಗಳಿವೆ. ಪುಸ್ತಕಕ್ಕೆ, ಹೆಂಡತಿಗೆ, ಮಕ್ಕಳಿಗೆ 'ಕಉ'. ತಾಯಿಗೆ, ಕೈಕಾಲಿಗೆ, ಮನೆಗೆ, ನೆಲಕ್ಕೆ 'ಕೊಉ'. ನಾನು ಬಯಸಿ ಪಡೆದದ್ದು ಮೊದಲನೆಯದು, ನಾನು ಬರುವ ಮೊದಲೇ ನನಗಾಗಿ ಇದ್ದದ್ದು ಅಥವಾ ನನ್ನನ್ನು ಹೊತ್ತದ್ದು ಎರಡನೆಯದು ಎಂದು ಸ್ಥೂಲವಾಗಿ ಹೇಳಬಹುದು. ಮೇಷ್ಟ್ರ ಫೋಟೊ ಪ್ರಶ್ನೆಗೂ ಅಲ್ಲಿ ಉತ್ತರ ಇದೆ. ನಾನು ತೆಗೆದ ಫೋಟೊ 'ಕಉ', ನಾನಿರುವ ಫೋಟೊ 'ಕೊಉ'. ಫಿಜಿಯಲ್ಲಿ ತಿನ್ನುವ ವಸ್ತುವಾದರೆ 'ಕೆಂಗು', ಕುಡಿಯುವುದಾದರೆ 'ಮೆಂಗು', ಉಳಿದ ಸಾಮಾನಿಗೆ 'ನೋಂಗು'. ಅಪ್ಪನಿಗೆ ಈ ಮೂರೂ ಸಲ್ಲವು. 'ತಮ' ಎಂಬ ಪದಕ್ಕೇ 'ಂಗು' ಸೇರಿ 'ತಮಂಗು', ನನ್ನ ಅಪ್ಪ. ಸಂಬಂಧ ಹತ್ತಿರವಾದಷ್ಟೂ ಪದಗಳೂ ಒತ್ತಿಕೊಂಡು ಬರುತ್ತವೆ.

ನಮ್ಮ ನುಡಿಬಳಗದಲ್ಲೂ ಇದು ಇತ್ತು. ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಳೆಯ ತಮಿಳಿನಲ್ಲಿ 'ಎಂದೈ' ಎಂದರೆ ನನ್ನ ತಂದೆ, 'ನುಂದೈ' ನಿನ್ನ ತಂದೆ, 'ತಂದೈ' ಅವನ ತಂದೆ. 'ಎಂಗೈ' ನನ್ನ ತಂಗಿ, 'ನುಂಗೈ' ನಿನ್ನ ತಂಗಿ, 'ತಂಗೈ' ಅವನ ತಂಗಿ. ಯಾರ ತಂದೆ, ಯಾರ ತಂಗಿ ಎಂಬುದು ಈ ಪದಗಳ ಒಳಗೇ ಸೇರಿತ್ತು. ಜಾರ್ಖಂಡ್, ಛತ್ತೀಸಗಢದ ಕಡೆ ಆಡುವ ಕುಡುಖ್ ಕೂಡ ದ್ರಾವಿಡ ಭಾಷೆ. ಅಲ್ಲಿ ಇವತ್ತಿಗೂ 'ಎಂಬಸ್' ನನ್ನ ತಂದೆ, 'ನಿಂಬಸ್' ನಿನ್ನ ತಂದೆ, 'ತಂಬಸ್' ಅವನ ತಂದೆ. ಕನ್ನಡದ 'ತಂದೆ', 'ತಂಗಿ'ಗಳಲ್ಲಿ ಮೊದಲಿಗೆ ಕೇಳಿಸುವುದು ಅದೇ 'ತನ್'. ಅದು ಸವೆದು ನಮ್ಮ ಕಿವಿಗೆ ಬೀಳದ ಹಾಗಾಗಿದೆ. ಹಾಗಾಗಿ ಮುಂದೆ ಇನ್ನೊಂದು 'ನನ್ನ' ಸೇರಿಸುತ್ತೇವೆ.

ಆಡುಮಾತಿನಲ್ಲಂತೂ 'ನನ್ನ'ಕ್ಕಿಂತ 'ನಮ್ಮ' ಜಾಸ್ತಿ. ಒಬ್ಬನೇ ಮಗನಾದರೂ 'ನಮ್ಮಮ್ಮ', 'ನಮ್ಮಪ್ಪ' ಎನ್ನುತ್ತಾನೆ. ಪೆನ್ನು 'ನಂದು', ಮನೆ 'ನಮ್ಮದು'. ಇದನ್ನು ಮೇಷ್ಟ್ರು ಪಾಠದ ಕೊನೆಗೆ ಅವಸರದಲ್ಲಿ ಹೇಳಿದ್ದು. ಅಷ್ಟರಲ್ಲಿ ಬೆಲ್ ಆಗಿತ್ತು.

ನಾನೀಗ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ವಿಭಕ್ತಿಯ ಪಟ್ಟಿಯನ್ನು ಹಾಗೇ ಬರೆಸಿ ಮುಗಿಸಲು ಮನಸ್ಸು ಬರುವುದಿಲ್ಲ. ಮಕ್ಕಳಿಂದ ಅವರ ಮನೆಮಾತನ್ನು ಹೇಳಿಸುತ್ತೇನೆ. ಲಂಬಾಣಿ, ತೆಲುಗು, ಮರಾಠಿ ಎಲ್ಲ ಬರುತ್ತವೆ, ಹೇಳಿದ ಮಗುವಿನ ದನಿ ಆವತ್ತಿಡೀ ಎತ್ತರದಲ್ಲಿರುತ್ತದೆ.

ಈಗ ಓದುತ್ತಿರುವವರಲ್ಲಿ ಒಂದು ಕೋರಿಕೆ. ಹಸು, ಎಮ್ಮೆಗಳ ವಿಷಯದಲ್ಲಿ ನಿಮ್ಮ ಊರಿನವರು ಏನೆನ್ನುತ್ತಾರೆ? 'ಅವರಿಗೆ ಎರಡು ಹಸು ಇವೆ' ಎನ್ನುತ್ತಾರಾ, 'ಅವರ ಹತ್ತಿರ' ಎನ್ನುತ್ತಾರಾ? ನಮ್ಮ ಕಡೆ 'ಅವರ ಮನೇಲಿ ಎರಡು ಹಸು ಇವೆ' ಎಂಬುದೇ ರೂಢಿ. ಅಜ್ಜಿಯರು ಆಡುವ ಮಾತನ್ನು ಕೇಳಿ, ಊರಿನ ಹೆಸರಿನ ಜೊತೆ ಬರೆದು ಕನ್ನಡ ವಿಭಾಗಕ್ಕೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಅವನ್ನೆಲ್ಲ ಓದಲು ನಾನು ಕಾದಿರುತ್ತೇನೆ.