ತಿದ್ದುವ ಮುನ್ನ ಇಸವಿ ನೋಡಿ

ಇಂಗ್ಲಿಷ್ ಬಳಕೆಯ ಬಗ್ಗೆ ಹಿರಿಯರೂ ಕಿರಿಯರೂ ಜಗಳವಾಡುವಾಗ ಇಬ್ಬರೂ ಒಂದು ಮಾತನ್ನು ನಂಬಿರುತ್ತಾರೆ: ನಿಯಮ ಹಳೆಯದು, ತಪ್ಪು ಹೊಸದು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆರೆದರೆ ಈ ನಂಬಿಕೆ ಎಷ್ಟೋ ಸಲ ತಲೆಕೆಳಗಾಗುತ್ತದೆ. ಅದು ಪ್ರತಿ ಅರ್ಥದ ಕೆಳಗೂ ಬಳಕೆಯ ಉದಾಹರಣೆಗಳನ್ನು ಇಸವಿ ಸಮೇತ ಕೊಡುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

'ಕಡಿಮೆ' ಎನ್ನಲು ಎಣಿಸಬಹುದಾದ ವಸ್ತುಗಳಿಗೆ 'ಲೆಸ್' ಬಾರದು, 'ಫ್ಯೂವರ್' ಬರಬೇಕು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇದರ ಮೂಲ 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ಬರೆದಿಟ್ಟ ಒಂದು ಅಭಿಪ್ರಾಯ. ತನಗೆ ಹೀಗಿದ್ದರೆ ಚೆಂದ ಎಂದಷ್ಟೇ ಅವನು ಹೇಳಿದ್ದ. 'ಲೆಸ್' ಮಾತ್ರ ಒಂಬತ್ತನೇ ಶತಮಾನದ ಇಂಗ್ಲೆಂಡಿನ ಆಲ್‌ಫ್ರೆಡ್ ದೊರೆಯ ಕಾಲದಿಂದ ಎಣಿಕೆಯ ವಸ್ತುಗಳಿಗೂ ನಡೆದುಬಂದಿದೆ. ಮಕ್ಕಳ ಬಾಯಲ್ಲಿ ಕೇಳಿ ನಾವು ಸಿಡಿಮಿಡಿಗೊಳ್ಳುವ 'ಲಿಟರಲಿ' (ಅಕ್ಷರಶಃ) ಕೂಡ ಉತ್ಪ್ರೇಕ್ಷೆಯ ಅರ್ಥದಲ್ಲಿ 1769ರಲ್ಲೇ ಅಚ್ಚಾಗಿದೆ.

'ಅವರು' ಎಂಬರ್ಥದ ಬಹುವಚನ 'ದೇ' ವಿಷಯದಲ್ಲಿ ಇಬ್ಬರೂ ಸ್ವಲ್ಪ ತಾಳಬೇಕು. ಯಾರೆಂದು ಗೊತ್ತಿಲ್ಲದ ಒಬ್ಬರನ್ನು 'ದೇ' ಎನ್ನುವುದು ಹದಿನಾಲ್ಕನೇ ಶತಮಾನದಿಂದಲೂ ಇದೆ. ಗುರುತಿರುವ ಒಬ್ಬ ವ್ಯಕ್ತಿ ತನ್ನನ್ನು 'ಹೀ', 'ಶೀ' ಬದಲು 'ದೇ' ಎಂದೇ ಕರೆಯಿರಿ ಎನ್ನುವ ಬಳಕೆ ಹೊಸದು. ಮೆರಿಯಂ-ವೆಬ್‌ಸ್ಟರ್ ಎಂಬ ಅಮೆರಿಕದ ನಿಘಂಟು ಅದನ್ನು ಸೇರಿಸಿಕೊಂಡದ್ದು 2019ರಲ್ಲಿ. 'ಯೂ' ಕೂಡ ಒಂದು ಕಾಲಕ್ಕೆ ಬಹುವಚನವೇ, ನಮ್ಮ 'ನೀವು' ಹಾಗೆ ಗೌರವಕ್ಕಾಗಿ ಒಬ್ಬರಿಗೂ ಸಂದಿತು. ಹಾಗಾಗಿ ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಸರಿಯಲ್ಲ.

ಕಿರಿಯರಿಗೂ ತಿಳಿದಿರಬೇಕಾದ ಸಂಗತಿಯೊಂದಿದೆ. 'ಲಿಟ್' (ಭರ್ಜರಿ), 'ನೋ ಕ್ಯಾಪ್' (ಸುಳ್ಳಲ್ಲ), 'ಸ್ಲೇ' (ಮಿಂಚುವುದು) ಇವು ಇನ್‌ಸ್ಟಾಗ್ರಾಂನಲ್ಲಿ ಹುಟ್ಟಿದ ಮಾತುಗಳಲ್ಲ. ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದವು. ಆ ಆಡುಮಾತಿಗೆ ತನ್ನದೇ ವ್ಯಾಕರಣವಿದೆ. ಅದನ್ನು 'ಕೆಟ್ಟ ಇಂಗ್ಲಿಷ್' ಎನ್ನುವುದು ಅನ್ಯಾಯ, ಮೂಲ ಮರೆತು ತಮ್ಮದೆಂದುಕೊಳ್ಳುವುದೂ ಅನ್ಯಾಯವೇ.

ಇಸವಿ ನೋಡಿದರೆ ಎಲ್ಲವೂ ಮುಗಿಯುವುದಿಲ್ಲ, ಓದುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿ 'ಪ್ಲೀಸ್ ರಿವರ್ಟ್' ಎಂದರೆ ಉತ್ತರ ಬರೆಯಿರಿ ಎಂದು. ಅದೇ ಸಾಲು ಹೊರದೇಶದ ಎಂಜಿನಿಯರ್‌ಗೆ ಹೋದರೆ, ಅದರಲ್ಲೂ ಕೋಡ್ ಬದಲಾವಣೆಯ ಚರ್ಚೆಯಲ್ಲಿ, ಮಾಡಿದ ಬದಲಾವಣೆ ವಾಪಸ್ ತೆಗೆಯಿರಿ ಎಂದಾಗುತ್ತದೆ. 'ಪ್ಲೀಸ್ ರಿಪ್ಲೈ' ಎಂದು ಬರೆದರೆ ಗೊಂದಲವಿಲ್ಲ. 'ಪಾಸ್ಡ್ ಔಟ್ ಇನ್ 2015' ಎಂದರೆ ಅಮೆರಿಕದವರಿಗೆ ಮೂರ್ಛೆ ಹೋದಂತೆ. ರೆಸ್ಯೂಮೆಯಲ್ಲಿ 'ಗ್ರಾಜುಯೇಟೆಡ್' ಇರಲಿ. 'ಐ ಹ್ಯಾವ್ ಎ ಡೌಟ್' ಎಂದಾಗ ಅವರಿಗೆ ಕೇಳಿಸುವುದು ಅನುಮಾನ, ಆದ್ದರಿಂದ 'ಕ್ವೆಶ್ಚನ್' ಎನ್ನಿ. ನಿಗದಿಯಾದದ್ದನ್ನು ಮುಂಚಿನ ಸಮಯಕ್ಕೆ ತರುವ 'ಪ್ರಿಪೋನ್' ನನಗೆ ಬಹಳ ಇಷ್ಟದ ಪದ, ಅಷ್ಟು ಚುರುಕಾದ ಇನ್ನೊಂದು ಪದ ಅವರಲ್ಲಿಲ್ಲ. ನಮ್ಮವರ ನಡುವೆ ಧಾರಾಳವಾಗಿ ಬಳಸಿ. ಹೊರಗಿನವರಿಗಾದರೆ ಸಭೆಯ ಹಳೆಯ ಸಮಯ, ಹೊಸ ಸಮಯ ಎರಡನ್ನೂ ಬರೆದುಬಿಡಿ.

ಇನ್ನು ವಾಟ್ಸ್ಯಾಪ್. ಹಿರಿಯರು 'ಓಕೆ' ಬರೆದು ಪೂರ್ಣವಿರಾಮ ಹಾಕುವುದು ಅಭ್ಯಾಸಬಲದಿಂದ. ಆದರೆ ಮೆಸೇಜಿನಲ್ಲಿ ಕಳುಹಿಸುವ ಗುಂಡಿಯೇ ವಾಕ್ಯ ಮುಗಿಸುವುದರಿಂದ, ಚುಕ್ಕೆಗೆ ಬೇರೆ ಕೆಲಸ ಬಂದಿದೆ: ಕಿರಿಯರು ಅದನ್ನು ಮುನಿಸು ಎಂದು ಓದುತ್ತಾರೆ. ಒಂದೇ ಪದದ ಉತ್ತರದಲ್ಲಿ ಚುಕ್ಕೆ ಬಿಡಿ. ಎರಡು ಮೂರು ವಾಕ್ಯಗಳಿದ್ದರೆ ನಡುವಿನ ಚುಕ್ಕೆಗಳನ್ನು ಹಾಕಿ, ಅವುಗಳಿಂದ ಯಾರಿಗೂ ಬೇಸರವಾಗುವುದಿಲ್ಲ.